ಅಂಗವಿಕಲರಿಗೆ ಕೆಲಸ: ಅಧ್ಯಯನದ ಮಾತು ಆಫೀಸಿಗೆ ತಲುಪುವುದು ಹೇಗೆ?

ಅಮೆರಿಕದಲ್ಲಿ ಸಂಶೋಧಕರ ತಂಡವೊಂದು ಅಕೌಂಟಿಂಗ್ ಹುದ್ದೆಗಳಿಗೆ ಆರು ಸಾವಿರಕ್ಕೂ ಹೆಚ್ಚು ಕಾಲ್ಪನಿಕ ಅರ್ಜಿಗಳನ್ನು ಕಳಿಸಿತು. ಅರ್ಜಿದಾರರ ಅರ್ಹತೆ ಒಂದೇ ಮಟ್ಟದ್ದು. ವ್ಯತ್ಯಾಸ ಇದ್ದದ್ದು ಜತೆಗಿಟ್ಟ ಪತ್ರದಲ್ಲಿ. ಕೆಲವು ಪತ್ರಗಳಲ್ಲಿ ತಮಗೆ ಬೆನ್ನುಹುರಿಗೆ ಪೆಟ್ಟಾಗಿದೆ ಎಂದಿತ್ತು, ಕೆಲವದರಲ್ಲಿ ಆಸ್ಪರ್ಜರ್ ಇದೆ ಎಂದಿತ್ತು. ಲೆಕ್ಕ ಬರೆಯಲು ಇವೆರಡೂ ಅಡ್ಡಿಯಲ್ಲ. ಆದರೂ ಅಂಥ ಅರ್ಜಿಗಳಿಗೆ ಬಂದ ಕರೆಗಳು ಶೇ. 26ರಷ್ಟು ಕಡಿಮೆ. 2015ರಲ್ಲಿ ಹೊರಬಂದ ಈ ಅಧ್ಯಯನ ಮತ್ತೊಂದು ಅಂಶವನ್ನೂ ತೋರಿಸಿತು: ಅಂತರ ಢಾಳಾಗಿ ಕಂಡದ್ದು 15ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಲ್ಲಿ. ಅಲ್ಲಿನ ಫೆಡರಲ್ ಅಂಗವಿಕಲರ ಕಾಯ್ದೆ ಅವುಗಳಿಗೆ ಅನ್ವಯಿಸುವುದಿಲ್ಲ.

ಇಂಥ ಅಧ್ಯಯನಗಳಿಗೆ ಬರವಿಲ್ಲ. ಆದರೆ ಪೀಣ್ಯದ ಫ್ಯಾಕ್ಟರಿ ಮ್ಯಾನೇಜರ್ ಜರ್ನಲ್ ಓದುವುದಿಲ್ಲ. ಅವರ ಪ್ರಶ್ನೆಗಳೇ ಬೇರೆ: “ಕಣ್ಣು ಕಾಣದವರು ಬಿಲ್ ಎಂಟ್ರಿ ಹೇಗೆ ಮಾಡ್ತಾರೆ? ಖರ್ಚೆಷ್ಟು? ತೊಂದರೆಯಾದರೆ ಯಾರನ್ನ ಕೇಳೋದು?” ಇವಕ್ಕೆ ಉತ್ತರ ಕೊಡುವ ವ್ಯವಸ್ಥೆ ಇದ್ದಾಗ ಮಾತ್ರ ಸಂಶೋಧನೆ ಕೆಲಸಕ್ಕೆ ಬರುತ್ತದೆ.

ಫೋನಿನಲ್ಲಿ ಸಲಹೆ, ಆಮೇಲೆ ಲೆಕ್ಕ

ಇದಕ್ಕೆ ಒಳ್ಳೆಯ ಮಾದರಿ ಅಮೆರಿಕದ ಜಾಬ್ ಅಕಾಮಡೇಶನ್ ನೆಟ್‌ವರ್ಕ್. 1983ರಲ್ಲಿ ಶುರುವಾದ ಈ ಸೇವೆಗೆ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ ನೆಲೆ, ಕಾರ್ಮಿಕ ಇಲಾಖೆಯ ಹಣ. ಮಾಲೀಕರೋ ನೌಕರರೋ ಕರೆ ಮಾಡಿ ಕಷ್ಟ ಹೇಳಿಕೊಂಡರೆ, ತಜ್ಞರು ಆ ಕೆಲಸಕ್ಕೆ ಹೊಂದುವ ಮಾರ್ಪಾಟುಗಳನ್ನು ಪುಕ್ಕಟೆಯಾಗಿ ಸೂಚಿಸುತ್ತಾರೆ. ಮುಂದೆ ಅದೇ ಮಾಲೀಕರನ್ನು ಸಂಪರ್ಕಿಸಿ, ಮಾಡಿದಿರಾ, ಎಷ್ಟು ಖರ್ಚಾಯಿತು, ಉಪಯೋಗವಾಯಿತೇ ಎಂದು ವಿಚಾರಿಸುತ್ತಾರೆ. ಆ ಉತ್ತರಗಳೇ ಮುಂದಿನ ಸಂಶೋಧನೆಗೆ ಸಾಮಗ್ರಿ. ವರ್ಷಗಟ್ಟಲೆ ನಡೆದ ಈ ಸಮೀಕ್ಷೆಗಳ ಸಾರ ಇಷ್ಟು: ಸುಮಾರು ಅರ್ಧದಷ್ಟು ಮಾರ್ಪಾಟುಗಳಿಗೆ ಖರ್ಚೇ ಇಲ್ಲ. ಒಂದು ಸಲದ ಖರ್ಚು ಬಿದ್ದ ಕಡೆಯೂ ಸಾಮಾನ್ಯವಾಗಿ ಅದು ಕೆಲವು ನೂರು ಡಾಲರ್ ಮಾತ್ರ. ತಾವಾಗಿ ಸಲಹೆ ಕೇಳಿ ಬಂದ ಮಾಲೀಕರ ಅನುಭವ ಇದು ಎನ್ನುವುದು ನೆನಪಿರಲಿ. ಆದರೂ “ತುಂಬಾ ದುಬಾರಿ” ಎಂಬ ಭಯಕ್ಕೆ ಇದಕ್ಕಿಂತ ನೇರ ಉತ್ತರ ಸಿಗದು.

ಎರಡನೆಯ ಪಾಠ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನದು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಮೊದಲು ತಿಂಗಳುಗಟ್ಟಲೆ ತರಬೇತಿ, ಆಮೇಲೆ ಕೆಲಸ ಎಂಬುದು ಹಳೆಯ ಕ್ರಮ. ಅಲ್ಲಿನ ಸಂಶೋಧಕರಾದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಅದನ್ನು ತಿರುಗಿಸಿದರು: ಮೊದಲು ನಿಜವಾದ ಕೆಲಸ, ಅಲ್ಲೇ ಕಲಿಕೆ, ಜತೆಗೊಬ್ಬ ಬೆಂಬಲಿಗ. ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಹಳೆಯ ಪದ್ಧತಿಗಿಂತ ಸುಮಾರು ಎರಡು ಪಟ್ಟು ಜನರಿಗೆ ಹೀಗೆ ಉದ್ಯೋಗ ಸಿಕ್ಕಿತು.

ನಮ್ಮಲ್ಲಿ ಎಲ್ಲಿಂದ ಶುರು?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅವರಿಗೂ ಕಂಪನಿಗಳಿಗೂ ನಡುವೆ ಓಡಾಡುವ ಸಂಸ್ಥೆಗಳು ಬೆಂಗಳೂರಿನಲ್ಲಿ ಹಿಂದಿನಿಂದಲೂ ಇವೆ. ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ 1959ರದು, ಎನೇಬಲ್ ಇಂಡಿಯಾ 1999ರದು. ತರಬೇತಿ ಕೊಟ್ಟು, ಅಭ್ಯರ್ಥಿಗೆ ಹೊಂದುವ ಕೆಲಸ ಹುಡುಕುವುದು ಇಂಥವರ ಕಸುಬು. ಇವರ ನೆರವು ಪಡೆದರೂ ಪಡೆಯದಿದ್ದರೂ, ಒಂದು ಸಂಸ್ಥೆ ಮಾಡಬೇಕಾದ ಕೆಲಸ ಹೀಗಿದೆ.

1. ಹುದ್ದೆಯನ್ನು ಬಿಡಿಸಿ ಬರೆಯಿರಿ. “ಆಫೀಸ್ ಅಸಿಸ್ಟೆಂಟ್ ಬೇಕು, ಟೂ ವೀಲರ್ ಲೈಸೆನ್ಸ್ ಕಡ್ಡಾಯ” ಎಂಬ ಜಾಹೀರಾತು ತೆಗೆದುಕೊಳ್ಳಿ. ಆ ವ್ಯಕ್ತಿ ದಿನವಿಡೀ ಮಾಡುವುದೇನು? ಟ್ಯಾಲಿಯಲ್ಲಿ ಬಿಲ್ ಎಂಟ್ರಿ, ಗಿರಾಕಿಗಳ ಫೋನ್, ಫೈಲ್ ಜೋಡಣೆ, ಆಗೊಮ್ಮೆ ಈಗೊಮ್ಮೆ ಬ್ಯಾಂಕಿಗೆ ಚೆಕ್. ಬೈಕ್ ಬೇಕಾದ್ದು ಕೊನೆಯದಕ್ಕೆ ಮಾತ್ರ. ಅದನ್ನು ಇನ್ನೊಬ್ಬರಿಗೆ ವಹಿಸಿ, ಅವರ ಫೈಲ್ ಕೆಲಸವನ್ನು ಇವರಿಗೆ ಕೊಟ್ಟರೆ, ಪೋಲಿಯೊ ಆದವರಿಗೂ ಈ ಹುದ್ದೆಯ ಬಾಗಿಲು ತೆರೆಯುತ್ತದೆ. ಮುಖ್ಯ ಕೆಲಸ ಯಾವುದು, ಜತೆಗೆ ಅಂಟಿಕೊಂಡದ್ದು ಯಾವುದು ಎಂದು ಬೇರ್ಪಡಿಸುವುದೇ ಮೊದಲ ಹೆಜ್ಜೆ.

2. ಸಂದರ್ಶನ ಸರಿಪಡಿಸಿ. ಮೊದಲ ಸುತ್ತು ಫೋನಿನಲ್ಲೇ ಎಂದರೆ ಕಿವುಡ ಅಭ್ಯರ್ಥಿಗಳು ಅಲ್ಲೇ ಔಟ್. ವಾಟ್ಸ್ಆ್ಯಪ್‌ನಲ್ಲಿ ಬರೆದು ಕೇಳಿ, ಇಲ್ಲವೇ ಸನ್ನೆ ಭಾಷೆಯ ದುಭಾಷಿಯನ್ನು ಕರೆಸಿ. ಆಟಿಸಂ ಇರುವವರಿಗೆ ಮಾತಿನ ಸಂದರ್ಶನಕ್ಕಿಂತ ಒಂದು ಗಂಟೆ ಕೆಲಸ ಕೊಟ್ಟು ನೋಡುವುದು ಹೆಚ್ಚು ನ್ಯಾಯ. “ನಿಮಗೇನು ತೊಂದರೆ” ಎಂದು ಕೆದಕಬೇಡಿ. “ಈ ಕೆಲಸ ಮಾಡಲು ನಿಮಗೆ ಏನು ಬೇಕು” ಎಂದು ಕೇಳಿ.

3. ಸಣ್ಣ ಮಾರ್ಪಾಟಿನಿಂದ ಆರಂಭಿಸಿ. ಕುರ್ಚಿಯ ಎತ್ತರ, ಪಾಳಿಯ ಸಮಯ, ನೆಲಮಹಡಿಯಲ್ಲಿ ಜಾಗ, ಸೈರನ್ ಜತೆ ಮಿನುಗುವ ದೀಪ: ಹೆಚ್ಚಿನವು ಇಷ್ಟೇ. ಅಂಧರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಕನ್ನಡದ ಆಫೀಸುಗಳಲ್ಲಿ ಒಂದು ತೊಡಕಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ‘ಕನ್ನಡ’ ಎಂಬ ಪದ ಅಲ್ಲಿ ಪಿ, ಪೌಂಡ್ ಚಿಹ್ನೆ, ಕ್ಯೂ ಇತ್ಯಾದಿಯಾಗಿ ಕೂತಿರುತ್ತದೆ. ತಂತ್ರಾಂಶಕ್ಕೆ ಓದಲು ಸಿಗುವುದೂ ಅದೇ. ಸ್ಕ್ಯಾನ್ ಮಾಡಿದ ಸುತ್ತೋಲೆಯಂತೂ ಬರೀ ಚಿತ್ರ. ಯೂನಿಕೋಡ್‌ನಲ್ಲಿ ಟೈಪ್ ಮಾಡುವ ರೂಢಿ ಬಂದರೆ ಅಂಧ ನೌಕರರ ಅರ್ಧ ತಲೆನೋವು ಹೋಗುತ್ತದೆ, ಖರ್ಚು ಸೊನ್ನೆ.

4. ಸಹೋದ್ಯೋಗಿಗಳನ್ನು ತಯಾರು ಮಾಡಿ. ಮೊದಲ ಕೆಲವು ವಾರ ಜಾಬ್ ಕೋಚ್ ಇದ್ದರೆ ಅನುಕೂಲ. ಅವರು ಹೊಸಬರಿಗೆ ಕೆಲಸ ಕಲಿಸುತ್ತಾರೆ, ಸೂಪರ್‌ವೈಸರ್‌ಗೆ ಮಾತಾಡುವ ರೀತಿ ಹೇಳಿಕೊಡುತ್ತಾರೆ, ಕ್ರಮೇಣ ಹಿಂದೆ ಸರಿಯುತ್ತಾರೆ. “ಪಾಪ, ಬಿಡಿ, ನಾನೇ ಮಾಡ್ತೀನಿ” ಎನ್ನುವ ಸಹೋದ್ಯೋಗಿಯ ಕರುಣೆಯೂ ಕಲಿಕೆಗೆ ಅಡ್ಡಿ. ಗುರಿ, ಗಡುವು, ಬಡ್ತಿ ಎಲ್ಲರಿಗೂ ಒಂದೇ ಇರಲಿ.

5. ಬರೆದಿಡಿ, ಹಂಚಿಕೊಳ್ಳಿ. ಏನು ಬದಲಿಸಿದಿರಿ, ಎಷ್ಟು ಖರ್ಚಾಯಿತು, ವರ್ಷದ ನಂತರವೂ ಆ ನೌಕರರು ಇದ್ದಾರೆಯೇ ಎಂಬ ಮೂರು ಸಾಲು ಸಾಕು. ಹೆಸರು, ವೈದ್ಯಕೀಯ ವಿವರ ತೆಗೆದು, ಉಳಿದದ್ದನ್ನು ಸ್ವಯಂಸೇವಾ ಸಂಸ್ಥೆಗೋ ಸಂಶೋಧಕರಿಗೋ ಕೊಡಿ. ನಮ್ಮ ನೆಲದ ಪುರಾವೆ ಬೆಳೆಯುವುದು ಹೀಗೆಯೇ. ಅಮೆರಿಕದ ಡಾಲರ್ ಲೆಕ್ಕ ದಾವಣಗೆರೆಯ ರೈಸ್ ಮಿಲ್ಲಿಗೆ ಎಷ್ಟು ದಿನ ಸಾಕ್ಷಿ ಹೇಳೀತು?

ಕಾನೂನು ಏನೆನ್ನುತ್ತದೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಖಾಸಗಿಯವರಿಗೆ ಮೀಸಲಾತಿ ಇಲ್ಲದಿದ್ದರೂ, ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಲೇಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ, ಯಾವ ಹುದ್ದೆಗಳು ಸೂಕ್ತ, ಆಯ್ಕೆ ಹೇಗೆ, ಸಂಪರ್ಕಾಧಿಕಾರಿ ಯಾರು ಎಂಬ ವಿವರವೂ ಅದರಲ್ಲಿರಬೇಕು. ಮೇಲಿನ ಐದು ಹೆಜ್ಜೆ ಇಟ್ಟವರಿಗೆ ಈ ನೀತಿ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಹೆಜ್ಜೆ ಇಡದವರ ನೀತಿ ಗೋಡೆಯ ಮೇಲಿನ ಕಾಗದವಾಗಿ ಉಳಿಯುತ್ತದೆ.

ನೀವು ಮಾಲೀಕರೋ ಎಚ್‌ಆರ್ ವಿಭಾಗದವರೋ ಆಗಿದ್ದರೆ ದೊಡ್ಡ ಯೋಜನೆಗೆ ಕಾಯಬೇಡಿ. ಮುಂದಿನ ನೇಮಕದ ಜಾಹೀರಾತು ಹೊರಡುವ ಮೊದಲು ಒಮ್ಮೆ ಓದಿ, ಕೆಲಸಕ್ಕೆ ನಿಜವಾಗಿ ಬೇಡದ ಒಂದು ಷರತ್ತನ್ನು ಹೊಡೆದುಹಾಕಿ, “ಅಂಗವಿಕಲರೂ ಅರ್ಜಿ ಹಾಕಬಹುದು, ಅಗತ್ಯ ನೆರವು ಕೊಡುತ್ತೇವೆ” ಎಂಬ ಸಾಲು ಸೇರಿಸಿ.