ನ್ಯಾಯಾಧೀಶ ಕ್ರೇಟರ್ ಕಣ್ಮರೆ ಪ್ರಕರಣ

ಜೋಸೆಫ್ ಫೋರ್ಸ್ ಕ್ರೇಟರ್ (ಜನನ: ಜನವರಿ 5, 1889) ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದ ನ್ಯಾಯಾಧೀಶರಾಗಿದ್ದರು. 1930ರ ಆಗಸ್ಟ್ 6ರ ರಾತ್ರಿ ನ್ಯೂಯಾರ್ಕ್ ನಗರದ ಮ್ಯಾನ್‌ಹ್ಯಾಟನ್‌ನಲ್ಲಿ ಕಣ್ಮರೆಯಾದ ಅವರು ಮತ್ತೆಂದೂ ಪತ್ತೆಯಾಗಲಿಲ್ಲ. ಅವರನ್ನು ಕೊನೆಯದಾಗಿ ಕಂಡ ಸಾಕ್ಷಿಗಳ ಹೇಳಿಕೆ ಬದಲಾದ ಕಾರಣ, ಅವರು ಅಲ್ಲಿಂದ ಹೇಗೆ ಹೊರಟರು ಎಂಬುದೇ ವಿವಾದಕ್ಕೆ ಒಳಗಾಯಿತು.

ಹಿನ್ನೆಲೆ

ಕ್ರೇಟರ್ ಅವರನ್ನು 1930ರ ಏಪ್ರಿಲ್‌ನಲ್ಲಿ ಅಂದಿನ ರಾಜ್ಯಪಾಲ ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್ ನ್ಯೂಯಾರ್ಕ್ ಸುಪ್ರೀಂ ಕೋರ್ಟಿಗೆ ನೇಮಿಸಿದರು. ಹೆಸರು ಹಾಗಿದ್ದರೂ ಇದು ಆ ರಾಜ್ಯದ ಅತ್ಯುನ್ನತ ನ್ಯಾಯಾಲಯವಲ್ಲ. ಮೊಕದ್ದಮೆಗಳ ವಿಚಾರಣೆ ನಡೆಸುವ ನ್ಯಾಯಾಲಯ. ನಗರದ ಪ್ರಬಲ ರಾಜಕೀಯ ಸಂಘಟನೆಯಾಗಿದ್ದ ಟ್ಯಾಮನಿ ಹಾಲ್‌ನೊಂದಿಗೆ ಅವರಿಗೆ ನಿಕಟ ಸಂಪರ್ಕವಿತ್ತು.

ಕೊನೆಯ ದಿನ

ಮೇಯ್ನ್ ರಾಜ್ಯದಲ್ಲಿ ಪತ್ನಿಯೊಂದಿಗೆ ರಜೆಯಲ್ಲಿದ್ದ ಕ್ರೇಟರ್, ದೂರವಾಣಿ ಕರೆಯೊಂದರ ಬಳಿಕ ನಗರಕ್ಕೆ ಮರಳಿದ್ದರು. ಆಗಸ್ಟ್ 6ರಂದು ನ್ಯಾಯಾಲಯದ ತಮ್ಮ ಕೊಠಡಿಯಲ್ಲಿ ಕಾಗದಪತ್ರಗಳನ್ನು ವಿಂಗಡಿಸಿದರು. ಸಹಾಯಕನ ಮೂಲಕ ಎರಡು ಚೆಕ್ಕುಗಳನ್ನು ನಗದಾಗಿಸಿಕೊಂಡರು. ಅವುಗಳ ಒಟ್ಟು ಮೊತ್ತ 5,150 ಡಾಲರ್. ಸಂಜೆ ನಾಟಕವೊಂದಕ್ಕೆ ಒಂದು ಟಿಕೆಟ್ ಕೊಂಡು, 45ನೇ ಬೀದಿಯ ಉಪಾಹಾರ ಗೃಹದಲ್ಲಿ ವಕೀಲ ಮಿತ್ರರೊಬ್ಬರು ಹಾಗೂ ನರ್ತಕಿಯೊಬ್ಬರೊಂದಿಗೆ ಊಟ ಮಾಡಿದರು. ಅವರು ಹೊರಬಂದಾಗ ರಾತ್ರಿ ಒಂಬತ್ತು ದಾಟಿತ್ತು; ನಾಟಕ ಅಷ್ಟರಲ್ಲಾಗಲೇ ಆರಂಭವಾಗಿತ್ತು.

ಸಾಕ್ಷ್ಯದಲ್ಲಿನ ವ್ಯತ್ಯಾಸ

ಕ್ರೇಟರ್ ಟ್ಯಾಕ್ಸಿಯೊಂದನ್ನು ಹತ್ತಿ ಹೊರಟರು ಎಂದು ಊಟದ ಸಂಗಾತಿಗಳು ಮೊದಲು ತಿಳಿಸಿದರು. ಅನಂತರ ಅವರ ಹೇಳಿಕೆ ಬದಲಾಯಿತು: ಟ್ಯಾಕ್ಸಿ ಹತ್ತಿದವರು ತಾವಿಬ್ಬರು, ಕ್ರೇಟರ್ ಬೀದಿಯಲ್ಲಿ ನಡೆದು ಹೋದರು ಎಂದರು.

ಈ ವ್ಯತ್ಯಾಸ ಸಣ್ಣದಲ್ಲ. ಮೊದಲ ಹೇಳಿಕೆ ನಿಜವಾದರೆ ಕ್ರೇಟರ್ ಅವರನ್ನು ಕೊನೆಯದಾಗಿ ಕಂಡವನು ಒಬ್ಬ ಟ್ಯಾಕ್ಸಿ ಚಾಲಕ. ಎರಡನೆಯದು ನಿಜವಾದರೆ ಹುಡುಕಬೇಕಾದ ಅಂತಹ ಚಾಲಕನೇ ಇಲ್ಲ. ಕಾಲವಿಳಂಬವೂ ಸಾಕ್ಷ್ಯವನ್ನು ದುರ್ಬಲಗೊಳಿಸಿತು. ಆಗಸ್ಟ್ 25ರಂದು ನ್ಯಾಯಾಲಯ ಪುನರಾರಂಭವಾದಾಗಲೂ ಅವರು ಬಾರದಿದ್ದುದರಿಂದ ಸಹೋದ್ಯೋಗಿಗಳು ಖಾಸಗಿಯಾಗಿ ಹುಡುಕಿದರು. ಪೊಲೀಸರಿಗೆ ಸುದ್ದಿ ತಲುಪಿದ್ದು ಸೆಪ್ಟೆಂಬರ್ 3ರಂದು, ಅಂದರೆ ನಾಲ್ಕು ವಾರಗಳ ನಂತರ.

ತನಿಖೆ

ಆರೋಪ ಹೊರಿಸಲು ಆಧಾರವಿದೆಯೇ ಎಂದು ಪರಿಶೀಲಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿ 95 ಸಾಕ್ಷಿಗಳನ್ನು ವಿಚಾರಿಸಿತು. ದಾಖಲಾದ ಸಾಕ್ಷ್ಯ 975 ಪುಟಗಳಷ್ಟಿತ್ತು. ಆದರೂ ಕ್ರೇಟರ್ ಬದುಕಿದ್ದಾರೆಯೇ, ಸ್ವಇಚ್ಛೆಯಿಂದ ತಲೆಮರೆಸಿಕೊಂಡರೇ, ಮರೆವಿನ ಕಾಯಿಲೆಗೆ ತುತ್ತಾದರೇ ಅಥವಾ ಅಪರಾಧಕ್ಕೆ ಬಲಿಯಾದರೇ ಎಂದು ಹೇಳಲು ಪುರಾವೆ ಸಾಲದೆಂದು ಮಂಡಳಿ ತೀರ್ಮಾನಿಸಿತು.

1931ರ ಜನವರಿಯಲ್ಲಿ ಪತ್ನಿಗೆ ಮನೆಯ ಮೇಜಿನ ಸೆಳೆಖಾನೆಯೊಂದರಲ್ಲಿ ನಗದು, ಉಯಿಲು, ವಿಮಾಪತ್ರಗಳು ಹಾಗೂ ಕ್ರೇಟರ್ ಅವರಿಗೆ ಬರಬೇಕಾದ ಬಾಕಿಗಳ ಪಟ್ಟಿ ದೊರೆತವು. ಪೊಲೀಸರು ಅದೇ ಮನೆಯನ್ನು ಮೊದಲೇ ಶೋಧಿಸಿದ್ದರಿಂದ, ಇವು ಅಲ್ಲಿಗೆ ಯಾವಾಗ ಬಂದವು ಎಂಬ ಹೊಸ ಪ್ರಶ್ನೆ ಎದ್ದಿತು.

ನಂತರದ ಬೆಳವಣಿಗೆಗಳು

ನ್ಯಾಯಾಲಯವು 1939ರಲ್ಲಿ ಕ್ರೇಟರ್ ಮೃತರಾಗಿದ್ದಾರೆಂದು ಘೋಷಿಸಿತು. ಪೊಲೀಸರು 1979ರಲ್ಲಿ ಕಡತವನ್ನು ಮುಚ್ಚಿದರು. 2005ರಲ್ಲಿ, ನಿಧನರಾದ ಮಹಿಳೆಯೊಬ್ಬರು ಬಿಟ್ಟುಹೋಗಿದ್ದ ಪತ್ರವೊಂದು ಬೆಳಕಿಗೆ ಬಂದಿತು. ಕೊಲೆಯಲ್ಲಿ ಟ್ಯಾಕ್ಸಿ ಚಾಲಕನೊಬ್ಬ ಭಾಗಿಯಾಗಿದ್ದನೆಂದೂ ಶವವನ್ನು ಕೋನಿ ಐಲೆಂಡ್ ಕಡಲತೀರದಲ್ಲಿ ಹೂಳಲಾಯಿತೆಂದೂ ಅದರಲ್ಲಿತ್ತು. ಇದು ದೃಢಪಟ್ಟಿಲ್ಲ. ಸಾಕ್ಷಿಗಳೇ ಕೈಬಿಟ್ಟ ಟ್ಯಾಕ್ಸಿಯ ಕಥನ ಜನಪ್ರಿಯ ಬರಹಗಳಲ್ಲಿ ಇಂದಿಗೂ ಮರುಕಳಿಸುತ್ತದೆ.