ಹಸಿರು ದೀಪವೂ ಚಾರ್ಜಾಗದ ಬ್ಯಾಟರಿಯೂ

ವಿದ್ಯುತ್ ಸ್ಕೂಟರನ್ನು ಇಟ್ಟುಕೊಂಡಿರುವ ಮನೆಗಳಲ್ಲಿ ಇಂದಲ್ಲ ನಾಳೆ ಕೇಳಿಬರುವ ದೂರು ಒಂದುಂಟು: ರಾತ್ರಿಯೆಲ್ಲ ಗಾಡಿಯನ್ನು ಚಾರ್ಜಿಗೆ ಹಾಕಿದ್ದಾಯಿತು, ಚಾರ್ಜರಿನ ದೀಪವೂ ಹಸಿರಾಗಿಯೇ ಉರಿಯುತ್ತಿತ್ತು, ಆದರೆ ಬೆಳಗ್ಗೆ ಕೀಲಿ ತಿರುಗಿಸಿ ನೋಡಿದರೆ ಚಾರ್ಜು ನಿನ್ನೆ ಎಲ್ಲಿತ್ತೋ ಅಲ್ಲಿಯೇ ಇದೆ. ಇದನ್ನು ಕೇಳಿದೊಡನೆ ನೆರೆಹೊರೆಯವರಲ್ಲಿ ಒಬ್ಬರಾದರೂ ‘ಬ್ಯಾಟರಿ ಹೋಯಿತು’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಗಾಡಿಯ ಬೆಲೆಯಲ್ಲಿ ಬಹುದೊಡ್ಡ ಪಾಲು ಬ್ಯಾಟರಿಯದೇ ಆಗಿರುವುದರಿಂದ ಇಷ್ಟು ದುಬಾರಿಯಾದ ತೀರ್ಪು ಬೇರೊಂದಿಲ್ಲ. ಆದುದರಿಂದಲೇ ಅದು ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ, ಕಟ್ಟಕಡೆಗೆ ಬರತಕ್ಕದ್ದು. ಚಾರ್ಜಾಗಲೊಲ್ಲದ ಬ್ಯಾಟರಿ ಎಷ್ಟೋ ವೇಳೆ ಒಳಗೆ ಸುಸ್ಥಿತಿಯಲ್ಲಿಯೇ ಇದ್ದು, ಗೋಡೆಯ ಪ್ಲಗ್ಗಿನಿಂದ ಅದರವರೆಗೆ ಬರುವ ಹಾದಿಯಲ್ಲಿ ಪ್ರವಾಹವು ಎಲ್ಲಿಯೋ ಕಡಿದುಹೋಗಿರುತ್ತದೆ. ಇಲ್ಲವೆ ತನಗೆ ಒದಗಬಹುದಾದ ಅಪಾಯವನ್ನರಿತು ಬ್ಯಾಟರಿಯೇ ಪ್ರವಾಹವನ್ನು ನಿರಾಕರಿಸಿರುತ್ತದೆ. ಈ ನಿರಾಕರಣೆಯ ಕಾರಣವನ್ನು ತಿಳಿಯುವುದಕ್ಕೆ ಮುನ್ನ ಅದನ್ನು ಬಲವಂತದಿಂದ ಮುರಿಯಹೊರಡುವುದೇ ಮನೆಯ ರಿಪೇರಿಯಲ್ಲಿ ನಡೆಯುವ ಮುಖ್ಯವಾದ ಅವಿವೇಕವೆಂದು ನನ್ನ ಭಾವನೆ.

ಮೊದಲು ಆ ಹಸಿರು ದೀಪದ ಅರ್ಥವನ್ನೇ ವಿಚಾರಿಸೋಣ. ಕೆಂಪು, ಹಸಿರು ಎಂಬ ಎರಡೇ ಬಣ್ಣಗಳಿರುವ ಸಾಮಾನ್ಯ ಚಾರ್ಜರು ಬ್ಯಾಟರಿಯೊಳಗೆ ಎಷ್ಟು ಶಕ್ತಿ ತುಂಬಿದೆಯೆಂಬುದನ್ನು ಅಳೆಯುವುದಿಲ್ಲ. ತನ್ನಿಂದ ಹೊರಗೆ ಎಷ್ಟು ಪ್ರವಾಹ ಹರಿಯುತ್ತಿದೆಯೆಂಬುದನ್ನು ಮಾತ್ರ ಗಮನಿಸುತ್ತದೆ. ಪ್ರವಾಹ ಒಂದು ಮಿತಿಗಿಂತ ಹೆಚ್ಚಾಗಿದ್ದರೆ ಕೆಂಪು, ಕಡಿಮೆಯಾದರೆ ಹಸಿರು. ಬ್ಯಾಟರಿ ತುಂಬಿದಾಗ ಪ್ರವಾಹ ಇಳಿಯುವುದರಿಂದ ಹಸಿರು ಬರುತ್ತದೆಂಬುದು ನಿಜ. ಆದರೆ ತಂತಿ ತುಂಡಾಗಿದ್ದರೂ, ಫ್ಯೂಸು ಸುಟ್ಟಿದ್ದರೂ, ಬ್ಯಾಟರಿಯನ್ನು ಜೋಡಿಸದೆಯೇ ಇದ್ದರೂ ಪ್ರವಾಹ ಇರುವುದಿಲ್ಲವಾದ್ದರಿಂದ ಅದೇ ಹಸಿರು ಉರಿಯುತ್ತದೆ. ಹೀಗಾಗಿ ಬರಿದಾದ ಬ್ಯಾಟರಿಗೆ ಚಾರ್ಜರು ಸಿಕ್ಕಿಸಿದ ಕ್ಷಣದಿಂದಲೇ ದೀಪ ಹಸಿರಾಗಿದ್ದರೆ ಹಾದಿ ಎಲ್ಲಿಯೋ ಮುಚ್ಚಿದೆಯೆಂದು ತಿಳಿಯಬೇಕು. ದೀಪವೇ ಹತ್ತದಿದ್ದರೆ ದೋಷವು ಗೋಡೆಯಲ್ಲಿಯೋ ಚಾರ್ಜರಿನಲ್ಲಿಯೋ ಇದೆ. ಎಂದಿನ ಅವಧಿ ಮೀರಿ ಗಂಟೆಗಳು ಕಳೆದರೂ ಕೆಂಪು ಆರದಿದ್ದರೆ ಮಾತ್ರ ಬ್ಯಾಟರಿಯ ಒಳಗನ್ನೇ ಶಂಕಿಸಬೇಕಾಗುತ್ತದೆ. ಆಗ ಪೆಟ್ಟಿಗೆಯ ಮೈ ಬಿಸಿಯಾಗಿಯೂ ಇದ್ದರೆ ಸ್ವಿಚ್ಚು ಆರಿಸಿ ಅಲ್ಲಿಗೇ ನಿಲ್ಲಿಸತಕ್ಕದ್ದು.

ಇನ್ನು ಪೆಟ್ಟಿಗೆಯ ಒಳಗೆ ಏನಿದೆಯೆಂಬುದನ್ನು ಮುಚ್ಚಳ ತೆರೆಯದೆಯೇ ತಿಳಿದುಕೊಳ್ಳಬಹುದು. ಲಿಥಿಯಂ ಅಯಾನು ಕೋಶವೊಂದರಲ್ಲಿ ಒಂದು ಬದಿಗೆ ಗ್ರಾಫೈಟು, ಇನ್ನೊಂದು ಬದಿಗೆ ನಿಕ್ಕಲ್, ಕೋಬಾಲ್ಟ್ ಮೊದಲಾದ ಲೋಹಗಳ ಆಕ್ಸೈಡು, ನಡುವೆ ಸೂಕ್ಷ್ಮ ರಂಧ್ರಗಳುಳ್ಳ ತೆಳುವಾದ ಪ್ಲಾಸ್ಟಿಕ್ ಪೊರೆ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಸೇರುತ್ತವೆ. ಗಾಡಿ ಓಡುವಾಗ ಹಿಂದಿರುಗುತ್ತವೆ. 1991ರಲ್ಲಿ ಸೋನಿ ಸಂಸ್ಥೆಯು ಮೊಟ್ಟಮೊದಲು ಮಾರುಕಟ್ಟೆಗೆ ತಂದ ಈ ಕೋಶದ ಹಿಂದೆ ಸ್ಟಾನ್ಲಿ ವಿಟಿಂಗ್‌ಹ್ಯಾಂ, ಜಾನ್ ಗುಡ್‌ಇನಫ್, ಅಕಿರಾ ಯೋಶಿನೋ ಎಂಬ ಮೂವರ ಸಂಶೋಧನೆಯಿದ್ದು, 2019ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಇಂತಹ ಕೋಶವೊಂದು ತುಂಬಿದಾಗ 4.2 ವೋಲ್ಟ್ ತೋರಿಸುತ್ತದೆ, 3 ವೋಲ್ಟಿಗೆ ಇಳಿದಾಗ ಬಹುಮಟ್ಟಿಗೆ ಬರಿದಾಗಿರುತ್ತದೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಕೋಶಗಳನ್ನು ಗುಂಪುಗೂಡಿಸಿ, ಅಂತಹ 13 ಗುಂಪುಗಳನ್ನು ಸಾಲಾಗಿ ಜೋಡಿಸಿದರೆ ನಾವು 48 ವೋಲ್ಟಿನ ಬ್ಯಾಟರಿಯೆಂದು ಕರೆಯುವ ವಸ್ತು ಸಿದ್ಧವಾಗುತ್ತದೆ. ಹೆಸರಿಗೆ ಅದು 48 ಆದರೂ, 13ನ್ನು 4.2ರಿಂದ ಗುಣಿಸಿದಾಗ ಬರುವ 54.6 ವೋಲ್ಟೇ ಅದರ ಪೂರ್ಣತೆಯ ಗುರುತು. ಈ ಅಂಕಿಯನ್ನು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

ಚಾರ್ಜರು ಈ ಗುರಿಯನ್ನು ಎರಡು ಹಂತಗಳಲ್ಲಿ ಮುಟ್ಟುತ್ತದೆ. ಕೊಳಗಕ್ಕೆ ಭತ್ತ ಅಳೆಯುವಾತನು ಮೊದಲು ಮೊರದಿಂದ ಧಾರಾಳವಾಗಿ ಸುರಿದು, ಅಂಚು ಸಮೀಪಿಸಿದಂತೆ ಹಿಡಿಹಿಡಿಯಾಗಿ ಹಾಕುವ ಹಾಗೆ, ಅದು ಮೊದಲು ಪ್ರವಾಹವನ್ನು ಒಂದೇ ಸಮನಾಗಿ ನೂಕಿ, 54.6 ವೋಲ್ಟ್ ಬಂದ ಅನಂತರ ವೋಲ್ಟೇಜನ್ನು ಅಲ್ಲಿಯೇ ಹಿಡಿದು ಪ್ರವಾಹವನ್ನು ಕ್ರಮಕ್ರಮವಾಗಿ ಇಳಿಸುತ್ತದೆ. ‘ಎಂಬತ್ತರವರೆಗೆ ಬೇಗ ಏರಿತು, ಆಮೇಲೆ ಏರುತ್ತಲೇ ಇಲ್ಲ’ ಎಂದು ಚಿಂತಿಸುವವರು ಕಾಣುವುದು ಈ ಎರಡನೆಯ ಹಂತವನ್ನೇ, ಅದು ದೋಷವಲ್ಲ. 48 ವೋಲ್ಟಿನ 30 ಆಂಪಿಯರ್-ಗಂಟೆಯ ಬ್ಯಾಟರಿಯು 1.44 ಯೂನಿಟ್ ವಿದ್ಯುತ್ತನ್ನು ಹಿಡಿಯಬಲ್ಲುದು. 6 ಆಂಪಿಯರಿನ ಚಾರ್ಜರು ಅದನ್ನು ತುಂಬಲು ಲೆಕ್ಕದ ಐದು ಗಂಟೆಗಳ ಮೇಲೆ ಈ ಕೊನೆಯ ಹಂತಕ್ಕೆಂದು ಇನ್ನಷ್ಟು ಹೊತ್ತನ್ನು ತೆಗೆದುಕೊಳ್ಳುತ್ತದೆ.

ಈಗ ಗೋಡೆಯಿಂದ ಹೊರಡೋಣ. ಅದೇ ಪ್ಲಗ್ ಪಾಯಿಂಟಿಗೆ ಇಸ್ತ್ರಿಪೆಟ್ಟಿಗೆಯನ್ನೋ ಟೇಬಲ್ ದೀಪವನ್ನೋ ಸಿಕ್ಕಿಸಿ ನೋಡುವುದು ಕ್ಷಣದ ಕೆಲಸ. ಅದನ್ನು ಮಾಡದೆಯೇ ಗಾಡಿಯನ್ನು ಮೆಕ್ಯಾನಿಕ್ಕಿನ ಬಳಿಗೆ ತಳ್ಳಿಕೊಂಡು ಹೋದವರಿದ್ದಾರೆ. ಸಂಜೆಯ ಹೊತ್ತು ವೋಲ್ಟೇಜು ಕುಸಿಯುವ ಊರುಗಳಲ್ಲಿ ಕೆಲವು ಚಾರ್ಜರುಗಳು ದುಡಿಯಲೊಲ್ಲದೆ ಸುಮ್ಮನಾಗಿ, ನಡುರಾತ್ರಿ ಮತ್ತೆ ಎಚ್ಚೆತ್ತುಕೊಳ್ಳುತ್ತವೆ. ಅದಕ್ಕಿಂತಲೂ ಹೆಚ್ಚಾಗಿ ಕಾಣುವುದು ಸಡಿಲವಾದ ಸಂಪರ್ಕ. ವರ್ಷಗಟ್ಟಲೆ ಬಳಸಿದ 5 ಆಂಪಿಯರಿನ ಹಳೆಯ ಸಾಕೆಟ್ಟಿನಲ್ಲಿ, ಅದರಲ್ಲಿಯೂ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ, ಪಿನ್ನು ಬಿಗಿಯಾಗಿ ಕೂರುವುದಿಲ್ಲ. ಅರ್ಧ ಗಂಟೆ ಚಾರ್ಜಾದ ಬಳಿಕ ಸ್ವಿಚ್ಚು ಆರಿಸಿ, ಪ್ಲಗ್ಗನ್ನು ಕಿತ್ತು, ಅದರ ಪ್ಲಾಸ್ಟಿಕ್ ಮೈಯನ್ನು ಮುಟ್ಟಿ ನೋಡಿದರೆ ಬಿಸಿಯು ತಾನಾಗಿ ವಿಷಯವನ್ನು ತಿಳಿಸುತ್ತದೆ. ದೊಡ್ಡ ಚಾರ್ಜರುಗಳಿಗೆ ಸರಿಯಾದ ಅರ್ಥಿಂಗ್ ಇರುವ 15 ಆಂಪಿಯರಿನ ಪಾಯಿಂಟೇ ಯೋಗ್ಯವಾದುದು.

ಇದೇ ಸಡಿಲ ಸಂಪರ್ಕದ ರೋಗ ಬ್ಯಾಟರಿಯ ಬದಿಯ ಕನೆಕ್ಟರುಗಳಲ್ಲಿ ಇನ್ನೂ ತೀವ್ರವಾಗಿರುತ್ತದೆ; ಏಕೆಂದರೆ ರೋಧದಿಂದ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಡಿ ಏರುದಾರಿಯನ್ನು ಹತ್ತುವಾಗ 25 ಆಂಪಿಯರ್ ಹರಿಯುತ್ತಿದ್ದರೆ, ಮಸಿಹಿಡಿದ ಕನೆಕ್ಟರೊಂದರ ರೋಧವು ಓಮಿನ ನೂರರಲ್ಲಿ ಎರಡು ಪಾಲಿನಷ್ಟೇ ಇದ್ದರೂ ಅಲ್ಲಿ 12.5 ವಾಟ್ ಶಾಖ ಹುಟ್ಟುತ್ತದೆ. ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ತುಂಡು ಅದನ್ನು ಬಹುಕಾಲ ತಡೆಯಲಾರದು: ಮೊದಲು ಬಣ್ಣಗೆಡುತ್ತದೆ, ಅನಂತರ ಕರಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿಯಂತೂ ಚಾರ್ಜಿಂಗ್ ಕಿಂಡಿಯ ರಬ್ಬರು ಮುಚ್ಚಳ ಹರಿದಿದ್ದರೆ ಒಳಗಿನ ಪಿನ್ನುಗಳ ಮೇಲೆ ಹಸುರು ಕಿಲುಬು ಕಟ್ಟುವುದು ತಪ್ಪಿದ್ದಲ್ಲ. ಗಾಡಿಯ ಎಂ.ಸಿ.ಬಿ. ಆರಿಸಿ, ಕಿಂಡಿಯನ್ನು ಒಣಗಲು ಬಿಟ್ಟು, ವಿದ್ಯುತ್ ಭಾಗಗಳಿಗೆಂದೇ ದೊರೆಯುವ ಕ್ಲೀನರಿನಿಂದ ಅದನ್ನು ಶುದ್ಧಿಗೊಳಿಸಬಹುದು. ಆದರೆ ಕಪ್ಪಾಗಿ ಕರಗಿರುವ ಕನೆಕ್ಟರನ್ನು ಉಜ್ಜಿ ಉಪಯೋಗಿಸದೆ ಬದಲಾಯಿಸಲೇಬೇಕು. ಇದೇ ಸಮಯದಲ್ಲಿ ಎಂ.ಸಿ.ಬಿ. ತಾನಾಗಿ ಬಿದ್ದಿದೆಯೇ, ಫ್ಯೂಸು ಸುಟ್ಟಿದೆಯೇ ಎಂಬುದನ್ನೂ ನೋಡಿಬಿಡಬೇಕು. ಫ್ಯೂಸು ಎರಡನೆಯ ಬಾರಿಯೂ ಸುಟ್ಟರೆ ದೊಡ್ಡ ಫ್ಯೂಸನ್ನು ಹಾಕುವುದು ಪರಿಹಾರವಲ್ಲ.

ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಮಲ್ಟಿಮೀಟರು ಇಲ್ಲಿ ಬಹಳ ಉಪಕಾರಿ. ಅದನ್ನು ನೇರ ವಿದ್ಯುತ್ತಿನ 200 ವೋಲ್ಟ್ ಶ್ರೇಣಿಗಿಟ್ಟು, ಎರಡು ಕಡ್ಡಿಗಳ ತುದಿಗಳೂ ಒಂದಕ್ಕೊಂದು ತಾಗದಂತೆ ಎಚ್ಚರವಹಿಸಿ, ಚಾರ್ಜರಿನ ಹೊರತುದಿಯನ್ನು ಅಳೆದರೆ ನಮ್ಮ 13 ಗುಂಪಿನ ಬ್ಯಾಟರಿಯ ಚಾರ್ಜರು 54.6ರ ಸಮೀಪದಲ್ಲಿ ನಿಲ್ಲಬೇಕು. ತೀರ ಕಡಿಮೆ ತೋರಿಸಿದರೆ ಚಾರ್ಜರು ಕೆಟ್ಟಿದೆಯೆಂದೇ ಅರ್ಥ. ಬ್ಯಾಟರಿಯೊಡನೆ ಸಂಕೇತಗಳನ್ನು ವಿನಿಮಯ ಮಾಡಿಕೊಂಡ ಮೇಲೆಯೇ ವಿದ್ಯುತ್ತು ಕೊಡುವ ಹೊಸ ಮಾದರಿಯ ಚಾರ್ಜರುಗಳು ಮಾತ್ರ ಒಂಟಿಯಾಗಿದ್ದಾಗ ಏನನ್ನೂ ತೋರಿಸದಿರಬಹುದು. ಅವುಗಳಿಗೆ ಈ ಪರೀಕ್ಷೆ ಸಲ್ಲದು. ಅನಂತರ ಬ್ಯಾಟರಿಯ ತುದಿಗಳನ್ನು ಅಳೆಯಬೇಕು. 40 ವೋಲ್ಟಿನ ಆಸುಪಾಸು ಬಂದರೆ ಅದು ಬರಿದಾಗಿದೆ. ಏನೂ ಬಾರದಿದ್ದರೆ, ಅಥವಾ ಒಂದೆರಡು ವೋಲ್ಟಿನಂತಹ ಅಸಂಬದ್ಧ ಅಂಕಿ ಬಂದರೆ, ಒಳಗಿನ ರಕ್ಷಣಾಫಲಕವು ಸಂಪರ್ಕವನ್ನು ಕಡಿದಿರುವ ಸಂಭವ ಹೆಚ್ಚು.

ಮೆಕ್ಯಾನಿಕ್ಕುಗಳು ಬಿ.ಎಂ.ಎಸ್. ಎಂದು ಕರೆಯುವ ಈ ಫಲಕವು ಪ್ರತಿಯೊಂದು ಗುಂಪಿನ ವೋಲ್ಟೇಜನ್ನೂ ಪೆಟ್ಟಿಗೆಯ ಉಷ್ಣತೆಯನ್ನೂ ಎಡೆಬಿಡದೆ ಗಮನಿಸುತ್ತಿದ್ದು, ಯಾವುದಾದರೊಂದು ಎಲ್ಲೆ ಮೀರಿದೊಡನೆ ಬಾಗಿಲು ಮುಚ್ಚುತ್ತದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ ಮಧ್ಯಾಹ್ನದ ಬಿಸಿಲಲ್ಲಿ ಓಡಿಬಂದ ಗಾಡಿಯನ್ನು ಒಡನೆಯೇ ಚಾರ್ಜಿಗೆ ಹಾಕಿದರೆ ಕೋಶಗಳ ಉಷ್ಣತೆ 45 ಡಿಗ್ರಿಗೂ ಮಿಗಿಲಾಗಿದ್ದು, ಹಲವು ಬ್ಯಾಟರಿಗಳು ಪ್ರವಾಹವನ್ನು ಒಳಕ್ಕೆ ಬಿಡುವುದೇ ಇಲ್ಲ. ನೆರಳಿನಲ್ಲಿ ಒಂದು ಗಂಟೆ ನಿಲ್ಲಿಸಿದರೆ ಆ ‘ರೋಗ’ ತಾನಾಗಿ ವಾಸಿಯಾಗುತ್ತದೆ. ಇನ್ನೊಂದು ಕಾರಣ ಸೂಕ್ಷ್ಮವಾದುದು. ಹದಿಮೂರು ಗುಂಪುಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಮುಂದೆ ಹೋಗಿ 4.2 ವೋಲ್ಟನ್ನು ಮೊದಲೇ ದಾಟಿತೆನ್ನಿ: ಉಳಿದ ಹನ್ನೆರಡು 4.0ರಲ್ಲಿಯೇ ಇದ್ದರೂ ಫಲಕವು ಚಾರ್ಜನ್ನು ನಿಲ್ಲಿಸುತ್ತದೆ. ಓಡುವಾಗ ಇದರ ವಿಪರ್ಯಯ: ದುರ್ಬಲವಾದ ಗುಂಪೊಂದು 3 ವೋಲ್ಟಿನ ಕೆಳಕ್ಕೆ ಜಾರಿದೊಡನೆ, ಮೀಟರಿನಲ್ಲಿ ಮೂವತ್ತು ಪ್ರತಿಶತ ಕಾಣುತ್ತಿದ್ದಾಗಲೇ ಗಾಡಿ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಅಸಮತೋಲನ ಅಲ್ಪವಾಗಿದ್ದರೆ, ಮನೆಯಲ್ಲಿ ಯಾರಾದರೂ ಎಚ್ಚರದಿಂದಿರುವ ಹಗಲು ಹೊತ್ತಿನಲ್ಲಿ, ಗಾಡಿಯದೇ ಆದ ಚಾರ್ಜರನ್ನು ಹಸಿರು ಬಂದ ಮೇಲೂ ಕೆಲವು ಗಂಟೆ ಬಿಟ್ಟರೆ ಅದು ಸರಿಹೋಗುವುದುಂಟು. ಅನೇಕ ಫಲಕಗಳು ಎತ್ತರದ ಗುಂಪುಗಳಿಂದ ಅತ್ಯಲ್ಪ ಪ್ರವಾಹವನ್ನು ಹೊರಗೆಳೆದು ಎಲ್ಲವನ್ನೂ ಸಮಮಾಡುವುದು ಈ ಅಂತಿಮ ಘಟ್ಟದಲ್ಲಿಯೇ.

ಗಾಡಿ ಮೊದಲಿನಷ್ಟು ದೂರ ಓಡುತ್ತಿಲ್ಲವೆಂಬ ದೂರಿಗೆ ಬ್ಯಾಟರಿಯೇ ಕಾರಣವಾಗಿರಬೇಕೆಂದಿಲ್ಲ. ಟಯರಿನಲ್ಲಿ ಗಾಳಿ ಕಡಿಮೆಯಿದ್ದರೂ, ಬ್ರೇಕು ಚಕ್ರವನ್ನು ಸದಾ ಹಿಡಿದುಕೊಂಡಿದ್ದರೂ ಅದೇ ಫಲ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವುದಕ್ಕೆ ಯಾವ ಉಪಕರಣವೂ ಬೇಡ.

ಎಲ್ಲಕ್ಕಿಂತ ಹೆಚ್ಚಿನ ಕಳಕಳಿಯಿಂದ ಹೇಳಬೇಕಾದ ವಿಷಯವೆಂದರೆ ಎರವಲು ಚಾರ್ಜರಿನದು. ‘ಅದೂ 48, ಇದೂ 48’ ಎಂದು ಪಕ್ಕದ ಮನೆಯ ಚಾರ್ಜರನ್ನು ತಂದು ಸಿಕ್ಕಿಸುವವರು ಆ ಒಂದೇ ಅಂಕಿಯ ಕೆಳಗೆ ಎಷ್ಟು ಬಗೆಯ ಬ್ಯಾಟರಿಗಳು ಅಡಗಿವೆಯೆಂಬುದನ್ನು ಅರಿಯರು. 13 ಗುಂಪಿನದಕ್ಕೆ 54.6 ವೋಲ್ಟ್ ಸಾಕು. 14 ಗುಂಪಿನದಕ್ಕೆ 58.8 ಬೇಕು, ಲಿಥಿಯಂ ಕಬ್ಬಿಣ ಫಾಸ್ಫೇಟಿನ 16 ಗುಂಪಿನದಕ್ಕೆ 58.4 ಬೇಕು, 12 ವೋಲ್ಟಿನ ನಾಲ್ಕು ಸೀಸ-ಆಮ್ಲದ ಬ್ಯಾಟರಿಗಳಿರುವ ಹಳೆಯ ಗಾಡಿಯ ಚಾರ್ಜರು ಸಹ 58ರ ಆಸುಪಾಸಿಗೆ ಏರುತ್ತದೆ. ಅಂತಹ 58 ವೋಲ್ಟನ್ನು 13 ಗುಂಪುಗಳಿಗೆ ಹಂಚಿದರೆ ಒಂದೊಂದಕ್ಕೂ 4.4ಕ್ಕಿಂತ ಹೆಚ್ಚು ಬೀಳುತ್ತದೆ. ಆಗ ಕೋಶಕ್ಕೂ ಅನಾಹುತಕ್ಕೂ ನಡುವೆ ಉಳಿಯುವುದು ಆ ರಕ್ಷಣಾಫಲಕವೊಂದೇ. ‘ಬಿ.ಎಂ.ಎಸ್. ತೆಗೆದು ಡೈರೆಕ್ಟ್ ಕೊಡೋಣ’ ಎನ್ನುವ ಬೀದಿಬದಿಯ ಸಲಹೆ ಎಷ್ಟು ಘೋರವಾದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಪೊರೆಯ ಪಾಲಿಥಿಲೀನ್ ಸುಮಾರು 130 ಡಿಗ್ರಿಯಲ್ಲಿ ಕರಗಿ, ಎರಡು ಬದಿಗಳೂ ಒಂದನ್ನೊಂದು ಸ್ಪರ್ಶಿಸಿದರೆ, ಬಿಸಿಯೇರಿದ ಆಕ್ಸೈಡಿನಿಂದಲೇ ಆಮ್ಲಜನಕ ಹೊರಬರತೊಡಗುವುದರಿಂದ ಆ ಬೆಂಕಿ ಕಂಬಳಿ ಹೊದಿಸಿದರೆ ಆರುವಂತಹುದಲ್ಲ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡ ಮೇಲೆ ಕೇಂದ್ರ ಸರ್ಕಾರವು ಎ.ಐ.ಎಸ್. 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, ಅದನ್ನು ಆ ವರ್ಷದ ಡಿಸೆಂಬರ್ 1ರಿಂದಲೂ 2023ರ ಮಾರ್ಚ್ 31ರಿಂದಲೂ ಎರಡು ಹಂತಗಳಲ್ಲಿ ಜಾರಿಗೆ ತಂದಿತು.

ತಿಂಗಳುಗಟ್ಟಲೆ ಬರಿದಾಗಿಯೇ ಬಿದ್ದಿದ್ದ ಬ್ಯಾಟರಿಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಕೋಶದ ವೋಲ್ಟೇಜು ತೀರ ಕೆಳಗಿಳಿದಾಗ ಗ್ರಾಫೈಟನ್ನು ಹೊತ್ತ ತಾಮ್ರದ ಹಾಳೆಯೇ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜು ಮಾಡಿದಾಗ ಆ ತಾಮ್ರ ಸಿಕ್ಕಸಿಕ್ಕಲ್ಲಿ ಕೂತು ಒಳಗೆ ಶಾರ್ಟ್ ಉಂಟುಮಾಡಬಹುದು. ಅಂತಹುದನ್ನು ಮನೆಯಲ್ಲಿ ಎಬ್ಬಿಸಹೊರಡಬಾರದು. ದೀರ್ಘಕಾಲ ಊರು ಬಿಡುವವರು ಬ್ಯಾಟರಿಯನ್ನು ಅರ್ಧದಷ್ಟು ತುಂಬಿ, ತಂಪಾದ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಯಾರಿಂದಲಾದರೂ ನೋಡಿಸುವ ಏರ್ಪಾಡು ಮಾಡಬೇಕು.

ಉಬ್ಬಿದ ಪೆಟ್ಟಿಗೆ, ಸಿಹಿಯಾದ ದ್ರಾವಕದಂತಹ ವಾಸನೆ, ಹಿಸ್ಸೆನ್ನುವ ಸದ್ದು, ಸುಮ್ಮನಿದ್ದಾಗಲೂ ಏರುವ ಬಿಸಿ: ಇವುಗಳಲ್ಲಿ ಯಾವುದೊಂದು ಕಂಡರೂ ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮುಟ್ಟಬಹುದಾದ ಸ್ಥಿತಿಯಲ್ಲಿದ್ದರೆ ಗಾಡಿಯನ್ನು ಮನೆಯಿಂದ ದೂರ, ಬಯಲಿಗೆ ಸಾಗಿಸಬೇಕು. ಹೊಗೆ ಕಾಣಿಸಿಕೊಂಡಿದ್ದರೆ ಗಾಡಿಯ ಆಸೆ ಬಿಟ್ಟು ಮನೆಯವರೆಲ್ಲ ಹೊರಬಂದು 112ಕ್ಕೆ ಕರೆಮಾಡತಕ್ಕದ್ದು. ಅಂತಹ ಲಕ್ಷಣಗಳಿಲ್ಲದೆ, ಮೇಲಿನ ಪರೀಕ್ಷೆಗಳೆಲ್ಲ ಮುಗಿದೂ ಬ್ಯಾಟರಿ ಚಾರ್ಜಾಗದಿದ್ದರೆ, ಚಾರ್ಜರಿನ ವೋಲ್ಟೇಜು, ಬ್ಯಾಟರಿಯ ವೋಲ್ಟೇಜು, ದೀಪದ ಬಣ್ಣ, ಗಾಡಿ ನಿಂತಾಗ ಮೀಟರು ತೋರಿಸಿದ ಅಂಕಿ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ, ಹದಿಮೂರು ಗುಂಪುಗಳ ವೋಲ್ಟೇಜನ್ನೂ ಬೇರೆಬೇರೆಯಾಗಿ ಅಳೆದು ತೋರಿಸುವಂತೆ ಕೇಳಬೇಕು. ಆ ಅಂಕಿಗಳನ್ನು ಕಂಡ ಅನಂತರವಷ್ಟೇ ಹೊಸ ಬ್ಯಾಟರಿಗೆ ಹಣ ಕೊಡುವ ಮಾತು. ಹಳೆಯದನ್ನು ಗುಜರಿಯವನಿಗೆ ಹಾಕದೆ ಅಲ್ಲಿಯೇ ಒಪ್ಪಿಸಿ ಬರಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಮೇರೆಗೆ ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು.