ಹಾಲಿನ ಲೆಕ್ಕದ ಪುಸ್ತಕವೂ ಆರೋಗ್ಯದ ಜಾಲತಾಣವೂ

ನಮ್ಮ ಅಕ್ಕನ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಉದ್ದನೆಯ ಪುಸ್ತಕವೊಂದಿದೆ. ಸೊಸೈಟಿಗೆ ಬೆಳಿಗ್ಗೆ ಎಷ್ಟು ಲೀಟರು ಹಾಲು ಹೋಯಿತು, ಸಂಜೆ ಎಷ್ಟು ಹೋಯಿತು ಎಂಬುದು ಎಡಗಡೆ. ಬಲಗಡೆಯ ಅಂಚಿನಲ್ಲಿ, ಪೆನ್ಸಿಲಿನ ಸಣ್ಣ ಅಕ್ಷರದಲ್ಲಿ, ಅಂದು ತಮ್ಮ ರಕ್ತದ ಸಕ್ಕರೆ ಎಷ್ಟಿತ್ತು ಎಂಬುದು. ಕಳೆದ ಬೇಸಗೆಯಲ್ಲಿ ಗಲ್ಫಿನಿಂದ ರಜೆಗೆ ಬಂದ ಸೋದರಳಿಯ ಇದನ್ನು ಕಂಡು ನಕ್ಕುಬಿಟ್ಟ. "ಮಾವ, ಇದನ್ನೆಲ್ಲ ಇಟ್ಟುಕೊಳ್ಳಲು ಈಗ ಬೇಕಾದಷ್ಟು ಜಾಲತಾಣಗಳಿವೆ. ಅಮ್ಮನ ಹೆಸರನ್ನು ಒಂದರಲ್ಲಿ ಸೇರಿಸಿಬಿಡೋಣ" ಎಂದ. ಬೇಡವೆನ್ನಲು ನಮಗೆ ಕಾರಣವಿರಲಿಲ್ಲ. ಆದರೆ ಹೂಂ ಎನ್ನುವ ಮೊದಲು ಒಂದಿಷ್ಟು ನೋಡಿ ತಿಳಿಯುವುದು ಅಗತ್ಯವೆನಿಸಿತು. ಏಕೆಂದರೆ ಇಂಥದೇ ಒಂದು ಜಾಲತಾಣವನ್ನು ನಂಬಿ ಹಿಂದೊಮ್ಮೆ ನಾವು ಕಂಗೆಟ್ಟದ್ದುಂಟು.

ಕಾಸರಗೋಡು ಸೀಮೆಯ ನಮಗೆ ದೊಡ್ಡ ಕಾಯಿಲೆಗೆ ಮಂಗಳೂರು ಎಂಬುದು ಅಜ್ಜಂದಿರ ಕಾಲದಿಂದ ಬಂದ ರೂಢಿ. ರಾಜ್ಯ ಬೇರೆಯಾದರೂ ಹಾದಿ ಸುಮಾರು 50 ಕಿಲೋಮೀಟರು. ಅಕ್ಕನವರೂ ಹನ್ನೆರಡು ವರ್ಷ ಅಲ್ಲಿಯ ಒಂದೇ ಆಸ್ಪತ್ರೆಗೆ ಹೋಗುತ್ತಿದ್ದರು. ಅವರ ದಪ್ಪ ಕಡತ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿರುತ್ತಿತ್ತು. ನಮ್ಮ ಕೈಯಲ್ಲಿದ್ದುದು ಸಂಖ್ಯೆ ಬರೆದ ಒಂದು ಕಾರ್ಡು ಮಾತ್ರ. ಫಲಿತಾಂಶಗಳನ್ನು ಮನೆಯಲ್ಲೇ ನೋಡಿಕೊಳ್ಳಬಹುದೆಂದು ಆಸ್ಪತ್ರೆಯವರು ಜಾಲತಾಣ ತೆರೆದಾಗ ಸೋದರಳಿಯನೇ ತನ್ನ ಮೊಬೈಲು ಸಂಖ್ಯೆ ಕೊಟ್ಟು ನೋಂದಾಯಿಸಿದ್ದ.

2020ರ ಮಾರ್ಚ್ ತಿಂಗಳ ಕೊನೆಗೆ ಕೊರೊನಾ ಭೀತಿಯಿಂದ ತಲಪಾಡಿಯ ದಾರಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದರು. ತುರ್ತು ರೋಗಿಗಳನ್ನು ಬಿಡಬೇಕೆಂಬ ವ್ಯಾಜ್ಯ ಕೇರಳದ ಹೈಕೋರ್ಟಿಗೆ ಹೋಯಿತು. ಏಪ್ರಿಲ್ 1ರಂದು ಅಡೆತಡೆ ತೆಗೆಸುವಂತೆ ಕೇಂದ್ರ ಸರಕಾರಕ್ಕೆ ಆದೇಶವೂ ಆಯಿತು. ಅಷ್ಟರಲ್ಲಿ ಗಡಿ ದಾಟಲಾಗದೆ ತೀರಿಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಆ ದಿನಗಳಲ್ಲೇ ಅಕ್ಕನಿಗೆ ಕಾಲು ಊದಿಕೊಂಡು ಉಸಿರಾಟ ಕಷ್ಟವಾಯಿತು. ಈಚೆಯ ಪಟ್ಟಣದ ವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಅವರು ಕೇಳಿದ್ದು ಎರಡೇ ಪ್ರಶ್ನೆ: ಹಿಂದಿನ ಸಲ ಕ್ರಿಯಾಟಿನಿನ್ ಎಷ್ಟಿತ್ತು? ಮಂಗಳೂರಿನಲ್ಲಿ ನಿಲ್ಲಿಸಿದ ಮಾತ್ರೆ ಯಾವುದು?

ಎರಡಕ್ಕೂ ಉತ್ತರ ಆ ಜಾಲತಾಣದಲ್ಲಿತ್ತು. ಒಳಹೋಗಲು ಓ.ಟಿ.ಪಿ. ಬೇಕು, ಅದು ಹೋಗುವುದು ಸೋದರಳಿಯನ ಊರಿನ ಸಂಖ್ಯೆಗೆ, ಆ ಸಂಖ್ಯೆಗೆ ಹಣ ತುಂಬದೆ ವರ್ಷವಾಗಿ ಅದು ರದ್ದಾಗಿತ್ತು. ಆಸ್ಪತ್ರೆಗೆ ಫೋನು ಮಾಡಿದರೆ ಸ್ವತಃ ಬಂದು ಅರ್ಜಿ ಕೊಡಿ ಎಂದರು! ಕೊನೆಗೆ ನೆರವಾದದ್ದು ಹಾಲಿನ ಪುಸ್ತಕ. ಅಕ್ಕ ಕನ್ನಡ ಅಂಕಿಗಳಲ್ಲಿ ಬರೆದುದನ್ನು ನಾವು ಮಲಯಾಳದಲ್ಲಿ ಓದಿ ಹೇಳಿದೆವು, ವೈದ್ಯರು ಗುರುತು ಮಾಡಿಕೊಂಡರು. ಸಕ್ಕರೆಯ ಕತೆ ತಿಳಿಯಿತು, ಮೂತ್ರಪಿಂಡದ ಕತೆ ತಿಳಿಯಲಿಲ್ಲ. ಕ್ರಿಯಾಟಿನಿನ್ ಎಂಬುದು ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ. ಅದು ಈ ದಿನ ಏರಿದೆ ಎಂದು ಲ್ಯಾಬಿನವರು ಹೇಳಬಲ್ಲರು. ಎರಡು ವರ್ಷಗಳಿಂದ ಹಾಗೆಯೇ ಇದೆಯೇ, ಎರಡು ವಾರದಲ್ಲಿ ಏರಿತೇ ಎಂಬುದನ್ನು ಹಳೆಯ ದಾಖಲೆ ಮಾತ್ರ ಹೇಳಬಲ್ಲುದು. ಚಿಕಿತ್ಸೆ ನಿಂತಿರುವುದು ಆ ವ್ಯತ್ಯಾಸದ ಮೇಲೆ. ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸುವುದರಲ್ಲಿ ಎರಡು ದಿನ ಕಳೆಯಿತು. ಅಕ್ಕ ಉಳಿದರು. ಆ ಎರಡು ರಾತ್ರಿಗಳನ್ನು ನಾವು ಮರೆತಿಲ್ಲ.

ಆದ್ದರಿಂದ ಸೋದರಳಿಯ ತೋರಿಸಿದ ಜಾಲತಾಣಗಳನ್ನೂ ಆ್ಯಪುಗಳನ್ನೂ ರಜೆಯ ಸಂಜೆಗಳಲ್ಲಿ ಒಂದೊಂದಾಗಿ ಪರೀಕ್ಷೆಗೆ ಕೂರಿಸಿದೆವು. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ, ಸುಮ್ಮನಿರಲಿಲ್ಲ.

ಹೊರನೋಟಕ್ಕೆ ಎಲ್ಲವೂ ಚೆಂದ. ಇಷ್ಟು ಹೆಜ್ಜೆ ನಡೆದರೆ ನಕ್ಷತ್ರ, ಇಷ್ಟು ನೀರು ಕುಡಿದರೆ ಶಹಭಾಸ್. ಶಿಶುವಿಹಾರದ ಮಕ್ಕಳಿಗೆ ನಾವೂ ನಕ್ಷತ್ರ ಕೊಡುವವರೇ, ಹಾಗಾಗಿ ನಿಂದಿಸುವುದಿಲ್ಲ. ಮಣಿಕಟ್ಟಿನ ಗಡಿಯಾರ ಚಲನೆಯನ್ನು ಗುರುತಿಸುವ ಪುಟ್ಟ ಉಪಕರಣದಿಂದ ಹೆಜ್ಜೆ ಎಣಿಸುತ್ತದೆ. ಚರ್ಮದ ಮೇಲೆ ಹಸುರು ಬೆಳಕು ಬಿಟ್ಟು, ರಕ್ತ ಹರಿದಂತೆ ಹಿಂದಿರುಗುವ ಬೆಳಕಿನಲ್ಲಾಗುವ ಏರಿಳಿತದಿಂದ ನಾಡಿಬಡಿತ ಲೆಕ್ಕ ಹಾಕುತ್ತದೆ. ಯುಕ್ತಿ ಸೊಗಸಾದುದು. ಆದರೆ ಕೈ ಬೀಸಿದರೂ ಅದಕ್ಕೆ ಹೆಜ್ಜೆಯೆಂಬ ಭ್ರಮೆ ಬರುವುದುಂಟು. ಅರುವತ್ತೆಂಟು ವರ್ಷದ ಮಧುಮೇಹಿಗೆ ಬೇಕಾದುದು ಅದಲ್ಲ.

ಬೇಕಾದುದು ಅಂಕಿಯ ಸತ್ಯ. ಅಂಕಿ ಒಳಸೇರುವ ದಾರಿ ಮೂರು: ನಾವೇ ಕೈಯಿಂದ ತುಂಬುವುದು, ಉಪಕರಣವೇ ಬ್ಲೂಟೂತ್ ಮೂಲಕ ಕಳುಹಿಸುವುದು, ಲ್ಯಾಬಿನಿಂದ ನೇರವಾಗಿ ಬರುವುದು. ಮೊದಲನೆಯದರಲ್ಲಿ ತಪ್ಪು ಸುಲಭ. ಅಳಿಯ ಒಮ್ಮೆ ಹೊರದೇಶದಿಂದ ಸಕ್ಕರೆ ನೋಡುವ ಯಂತ್ರ ಕಳುಹಿಸಿದ್ದ. ಅಕ್ಕ ಒತ್ತಿ ನೋಡಿದರೆ 9 ಎಂದು ತೋರಿಸಿತು. "ಸಕ್ಕರೆ ಒಂಬತ್ತಕ್ಕೆ ಇಳಿಯಿತು ತಮ್ಮಾ" ಎಂದು ಗಾಬರಿಯಿಂದ ಫೋನು ಮಾಡಿದರು. ನಮ್ಮ ದೇಶದಲ್ಲಿ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಬ್ರಿಟನ್ ಮೊದಲಾದೆಡೆ ಲೀಟರಿಗೆ ಇಷ್ಟು ಮಿಲಿಮೋಲ್ ಎನ್ನುತ್ತಾರೆ. ಎರಡನೆಯದನ್ನು 18ರಿಂದ ಗುಣಿಸಿದರೆ ಮೊದಲನೆಯದು ಬರುತ್ತದೆ. ಅಕ್ಕನ 9 ಎಂದರೆ ನಮ್ಮ 162. ನಾವು ನೋಡಿದ ತಾಣಗಳಲ್ಲಿ ಒಂದು, ಯಾವ ಮಾನವೆಂದು ಕೇಳದೆ 9ನ್ನು ನುಂಗಿ ಮರುದಿನದ 158ರ ಪಕ್ಕದಲ್ಲಿಟ್ಟು ಗೆರೆ ಎಳೆಯಿತು. ಆ ಚಿತ್ರ ನೋಡಿದ ಯಾವ ವೈದ್ಯರಾದರೂ ಬೆಚ್ಚಿಬೀಳಬೇಕು. ಇನ್ನೊಂದು ತಾಣ ಅಂಕಿಗೆ ಮೊದಲು ಮಾನವನ್ನೂ, ಉಪವಾಸದಲ್ಲೋ ಊಟದ ಬಳಿಕವೋ ಎಂಬುದನ್ನೂ ಕೇಳಿತು. ಎರಡನೆಯದಕ್ಕೆ ನಾವು ಪೂರ್ಣ ಅಂಕ ಕೊಟ್ಟೆವು.

ಗೆರೆಚಿತ್ರದ ಉಪಕಾರ ದೊಡ್ಡದು. ಒಂದು ಕಿರುಪರೀಕ್ಷೆಯ ಅಂಕದಿಂದ ಮಗುವನ್ನು ಅಳೆಯಬಾರದೆಂದು ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ್ದರು; ರಕ್ತದೊತ್ತಡದ ಒಂದು ಅಳತೆಯಿಂದ ರೋಗಿಯನ್ನೂ ಅಳೆಯಬಾರದು. ಹೀಗೆಯೇ ಎಚ್‌ಬಿಎ1ಸಿ ಎಂಬ ಪರೀಕ್ಷೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಸೂಚಿಸುತ್ತದೆ. ದಿನದಿನದ ಅಂಕಿಗಳನ್ನೂ ಅದನ್ನೂ ಒಂದೇ ಪುಟದಲ್ಲಿ ನೋಡಿದರೆ, ವೈದ್ಯರಲ್ಲಿಗೆ ಹೋಗುವ ವಾರ ಮಾತ್ರ ಪಥ್ಯ ಮಾಡುವವರ ಗುಟ್ಟು ಬಯಲಾಗುತ್ತದೆ. (ನಮ್ಮದೂ ಬಯಲಾಯಿತು. ಆ ವಿಚಾರ ಬಿಡೋಣ.)

ಅನೇಕ ತಾಣಗಳು ಲ್ಯಾಬಿನ ಚೀಟಿಯ ಫೋಟೋ ತೆಗೆದು ಸೇರಿಸಿದರೆ ಸಾಕು ಎನ್ನುತ್ತವೆ. ಅದು ಕಡತವಾಯಿತೇ ಹೊರತು ಲೆಕ್ಕವಾಗಲಿಲ್ಲ. ಫೋಟೋದೊಳಗಿನ ಅಂಕಿ ಹೆಚ್ಚಿನ ತಾಣಗಳ ಗೆರೆಚಿತ್ರಕ್ಕೆ ಸಿಗದು. ಒಂದು ಯಂತ್ರ ಬರೆದುದು ಇನ್ನೊಂದಕ್ಕೆ ಅರ್ಥವಾಗಬೇಕಾದರೆ ಇಬ್ಬರಿಗೂ ಒಪ್ಪಿಗೆಯಾದ ಬರವಣಿಗೆಯ ಕ್ರಮ ಬೇಕು. ಎಫ್.ಎಚ್.ಐ.ಆರ್. ಎಂಬುದು ಅಂಥ ಒಂದು ಕ್ರಮ. ಪ್ರತಿ ಪರೀಕ್ಷೆಗೂ ಒಂದು ಸಂಕೇತ ಕೊಡುವ ಲಾಯಿಂಕ್ ಎಂಬುದು ಇನ್ನೊಂದು. ಶಾಲೆಯಲ್ಲಿ ಇದರ ಕಷ್ಟ ನಮಗೆ ನಿತ್ಯಾನುಭವ. ಕೇರಳದ ಮಕ್ಕಳ ವಿವರ 'ಸಂಪೂರ್ಣ' ಎಂಬ ತಂತ್ರಾಂಶದಲ್ಲಿ, ಕರ್ನಾಟಕದ್ದು 'ಸ್ಯಾಟ್ಸ್' ಎಂಬುದರಲ್ಲಿ. ತಲಪಾಡಿ ದಾಟಿ ಬಂದ ಮಗುವನ್ನು ಅಪ್ಪನ ಹೆಸರಿನಿಂದ ತೊಡಗಿ ನಾವು ಮತ್ತೆ ಬರೆದುಕೊಳ್ಳುತ್ತೇವೆ. ಮಗುವಿಗೆ ಅದರಿಂದ ಹಾನಿಯಿಲ್ಲ, ರೋಗಿಗೆ ಇದೆ.

ಹಾಗಾದರೆ ದೊಡ್ಡ ಕಂಪೆನಿಯ ತಾಣವನ್ನೇ ಹಿಡಿಯೋಣವೆನ್ನುವವರಿಗೆ ಎರಡು ಹಳೆಯ ಸಂಗತಿ. ಮೈಕ್ರೋಸಾಫ್ಟಿನವರು 2007ರಲ್ಲಿ 'ಹೆಲ್ತ್‌ವಾಲ್ಟ್' ಎಂಬ ಆರೋಗ್ಯ ದಾಖಲೆಯ ತಾಣ ತೆರೆದರು. 2019ರ ನವೆಂಬರಿನಲ್ಲಿ ಮುಚ್ಚಿದರು. ಗೂಗಲ್‌ನವರು 2008ರಲ್ಲಿ ತೆರೆದ 'ಗೂಗಲ್ ಹೆಲ್ತ್' 2012ರ ಆರಂಭದಲ್ಲೇ ನಿಂತಿತು. ತಮ್ಮ ದಾಖಲೆಗಳನ್ನು ತೆಗೆದುಕೊಳ್ಳಲು ಜನರಿಗೆ ಇನ್ನೊಂದು ವರ್ಷದ ಅವಕಾಶವಿತ್ತು. ಸಕ್ಕರೆ ಕಾಯಿಲೆ ಬಂದವರು ಮೂವತ್ತು ವರ್ಷ ಬಾಳುತ್ತಾರೆ. ಆದುದರಿಂದ ನಮ್ಮ ಪ್ರಶ್ನಾಪತ್ರಿಕೆಯ ಮೊದಲ ಪ್ರಶ್ನೆ ಇದಾಯಿತು: ಹಾಕಿದ್ದನ್ನು ಹೊರತೆಗೆಯಲು ಬರುತ್ತದೆಯೇ? ಬೇರೆ ಕಡೆ ಓದಲು ಬರುವ ರೂಪದಲ್ಲಿ, ದುಡ್ಡು ಕೇಳದೆ, ಒಂದೇ ಸಲಕ್ಕೆ? ನಕ್ಷತ್ರ ಕೊಡುವ ತಾಣವೊಂದು ಇಲ್ಲಿ ಸೊನ್ನೆ ಪಡೆಯಿತು.

ನಮ್ಮ ಸರಕಾರದ ವ್ಯವಸ್ಥೆ ಬೇರೆ ಬಗೆಯದು. ಪ್ರಯೋಗ 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ತೊಡಗಿ, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅದರಲ್ಲಿ ಸಿಗುವ 14 ಅಂಕಿಯ ಸಂಖ್ಯೆಗೆ 'ಆಭಾ' ಎಂದು ಹೆಸರು. ಎಲ್ಲರ ರೋಗವನ್ನೂ ದೆಹಲಿಯ ಒಂದು ಪೆಟ್ಟಿಗೆಯಲ್ಲಿ ತುಂಬಿಡುತ್ತಾರೆಂದು ನಮ್ಮ ಹೋಟೆಲಿನ ಮಾತು, ಅದು ಹಾಗಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಇರುತ್ತದೆ. ಇನ್ನೊಬ್ಬ ವೈದ್ಯರು ಕೇಳಿದಾಗ ರೋಗಿಯ ಮೊಬೈಲಿಗೆ ಒಪ್ಪಿಗೆ ಬೇಡುವ ಸೂಚನೆ ಬರುತ್ತದೆ: ಯಾರು ಕೇಳುತ್ತಿದ್ದಾರೆ, ಯಾವ ಉದ್ದೇಶಕ್ಕೆ, ಎಷ್ಟು ದಿನಕ್ಕೆ. ರೋಗಿ ಒಪ್ಪಿದರೆ ದಾಖಲೆ ಸಾಗುತ್ತದೆ; ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲೂಬಹುದು. ಸೇರುವುದು ಕಡ್ಡಾಯವಲ್ಲ. ಎರಡು ರಾಜ್ಯಗಳ ನಡುವೆ ಓಡಾಡುವ ನಮ್ಮಂಥವರಿಗೆ ಇದರಷ್ಟು ಹೊಂದುವ ಏರ್ಪಾಡು ಬೇರೆಯಿಲ್ಲ. ಆದರೆ ಕೊಡುವ ಆಸ್ಪತ್ರೆಯೂ ಪಡೆಯುವ ಆಸ್ಪತ್ರೆಯೂ ಅದರಲ್ಲಿ ಸೇರಿರಬೇಕು, ದಾಖಲೆಯನ್ನು ರೋಗಿಯ ಸಂಖ್ಯೆಗೆ ಜೋಡಿಸಿರಬೇಕು. ಚೀಟಿ ಮಾಡಿಸುವ ಸಾಲನ್ನು ತಪ್ಪಿಸಲು ಗೋಡೆಯ ಕ್ಯೂಆರ್ ಚಿತ್ರಕ್ಕೆ ಮೊಬೈಲು ಹಿಡಿದ ಮಾತ್ರಕ್ಕೆ ಹನ್ನೆರಡು ವರ್ಷದ ಹಳೆಯ ಕಡತ ಬಂದು ಕೂರುವುದಿಲ್ಲ.

ಗುಟ್ಟಿನ ವಿಷಯವೂ ಇದೆ. ಸ್ತ್ರೀಯರ ತಿಂಗಳ ದಿನಗಳ ಲೆಕ್ಕವಿಡುವ 'ಫ್ಲೋ' ಎಂಬ ಆ್ಯಪ್, ಗುಟ್ಟಾಗಿಡುವುದಾಗಿ ಮಾತು ಕೊಟ್ಟ ವಿವರಗಳನ್ನು ಫೇಸ್‌ಬುಕ್, ಗೂಗಲ್ ಮುಂತಾದವರಿಗೆ ತಿಳಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿ, 2021ರಲ್ಲಿ ಕಂಪೆನಿಯನ್ನು ಒಪ್ಪಂದಕ್ಕೆ ತಂದಿತು. ಪುಕ್ಕಟೆಯ ಆ್ಯಪಿನಲ್ಲಿ ಮಗಳ ಹೆಸರು ಬರೆಯುವ ತಾಯಂದಿರು ಇದನ್ನು ಗಮನಿಸಬೇಕು. ಬೀಗ ಭದ್ರವಾಗಿದ್ದರೂ ಕನ್ನ ತಪ್ಪಿದ್ದಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳಿಗೇ ಕನ್ನ ಬಿದ್ದು, ಅನೇಕ ದಿನ ಎಲ್ಲವನ್ನೂ ಕೈಯಿಂದ ಬರೆಯಬೇಕಾಯಿತು. 2023ರಲ್ಲಿ ನಮ್ಮ ಸಂಸತ್ತು ವೈಯಕ್ತಿಕ ವಿವರಗಳ ರಕ್ಷಣೆಗೆ ಕಾಯಿದೆ ಮಾಡಿತು. ಒಳ್ಳೆಯದೇ ಆಯಿತು, ಆದರೂ ಕಾಯಿದೆ ಬಂತೆಂದು ಮನೆಯ ಚಿಲಕ ಹಾಕದೆ ಮಲಗುವವರಿಲ್ಲ.

ಕೊನೆಗೆ ಅಕ್ಕನಿಗಾಗಿ ನಾವು ಮಾಡಿದ್ದು ಇಷ್ಟು. ಅವರದೇ ಹೆಸರಿನ ಮೊಬೈಲು ಸಂಖ್ಯೆಯಿಂದ ಆಭಾ ಮಾಡಿಸಿದೆವು. ಆ ಸಂಖ್ಯೆಗೆ ಹಣ ತುಂಬುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿದೆವು. ಮಾನ ಕೇಳಿದ, ಹೊರತೆಗೆಯಲು ಬಿಡುವ ಆ ಒಂದು ತಾಣದಲ್ಲಿ ಪ್ರತಿ ಭಾನುವಾರ ನಾವೇ ಕುಳಿತು ಅಂಕಿಗಳನ್ನು ತುಂಬುತ್ತೇವೆ. ಮೂರು ತಿಂಗಳಿಗೊಮ್ಮೆ ಒಂದು ಹಾಳೆ ಮುದ್ರಿಸುತ್ತೇವೆ: ಸಕ್ಕರೆ, ರಕ್ತದೊತ್ತಡ, ಕ್ರಿಯಾಟಿನಿನ್, ಈಗ ನುಂಗುವ ಮಾತ್ರೆ, ನಿಲ್ಲಿಸಿದ ಮಾತ್ರೆ ಮತ್ತು ಏಕೆ ನಿಲ್ಲಿಸಿದರೆಂಬ ಕಾರಣ. ಹೆಸರು ಇಂಗ್ಲಿಷಿನಲ್ಲಿ, ಏಕೆಂದರೆ ತಲಪಾಡಿಯ ಎರಡು ಬದಿಯ ವೈದ್ಯರಿಗೂ ಅದು ಓದಲು ಬರುತ್ತದೆ. ಹಾಳೆ ರೇಶನ್ ಕಾರ್ಡಿನ ಚೀಲದಲ್ಲಿರುತ್ತದೆ.

ಪುಸ್ತಕದ ಅಂಚಿನಲ್ಲಿ ಅಕ್ಕ ಈಗಲೂ ಬರೆಯುತ್ತಾರೆ. ಅಂಕಿಗಳನ್ನಾದರೂ ಇಂಗ್ಲಿಷಿನಲ್ಲಿ ಬರೆಯಬಹುದಲ್ಲವೇ ಎಂದು ಸೋದರಳಿಯ ಕೇಳಿದ್ದಕ್ಕೆ, "ಓದಿ ಹೇಳಲು ನಿನ್ನ ಮಾವ ಇದ್ದಾನಲ್ಲ" ಎಂದರು. ಕಳೆದ ಭಾನುವಾರದ ಉಪವಾಸದ ಲೆಕ್ಕ 134.